ಕಡಲಾಳದಲ್ಲಿ ಮಧ್ಯಮ ಭೂಕಂಪ: ‘ಹಾನಿಯ ವರದಿಯಿಲ್ಲ’ ಎಂಬ ಸಾಲನ್ನು ಹೇಗೆ ಓದಬೇಕು?

ಪ್ರಶ್ನೆ: ತೀರರೇಖೆ

ಎಲ್ಲರಿಗೂ ನಮಸ್ಕಾರ. ರಸ್ತೆ ಸಂಪರ್ಕವಿಲ್ಲದ, ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ಮಾತ್ರ ತಲುಪಬಹುದಾದ ಕೆಲವು ಕಡಲತೀರದ ಹಳ್ಳಿಗಳೊಡನೆ ರೇಡಿಯೊ ಸಂಪರ್ಕ ಇಟ್ಟುಕೊಂಡಿರುವ ಸ್ವಯಂಸೇವಕರ ಗುಂಪೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಈಚೆಗೆ ಆ ತೀರದಿಂದ ಸುಮಾರು 70 ಕಿಲೋಮೀಟರ್ ಆಚೆ, ಸಮುದ್ರತಳದ ಅಡಿಯಲ್ಲಿ ಮಧ್ಯಮ ಪ್ರಮಾಣದ ಭೂಕಂಪವೊಂದು ಆಯಿತು. ಮೊದಲ ಪ್ರಕಟಣೆಯಲ್ಲಿ ಪ್ರಮಾಣ 5.9, ಆಳ 10 ಕಿಲೋಮೀಟರ್ ಎಂದಿತ್ತು. ಗಂಟೆಯೊಂದು ಕಳೆದ ಮೇಲೆ ಪ್ರಮಾಣ 5.6ಕ್ಕೆ ಇಳಿಯಿತು, ಆಳ 24 ಕಿಲೋಮೀಟರ್ ಎಂದಾಯಿತು. ಸುನಾಮಿಯ ಅಪಾಯವಿಲ್ಲ ಎಂಬ ಮಾತು ಮಾತ್ರ ಕೆಲವೇ ನಿಮಿಷಗಳಲ್ಲಿ ಬಂದಿತ್ತು. ಸುದ್ದಿತಾಣಗಳಲ್ಲಿ ‘ಪ್ರಾಣಹಾನಿ, ಆಸ್ತಿಹಾನಿಯ ಬಗ್ಗೆ ವರದಿಯಾಗಿಲ್ಲ’ ಎಂಬ ಒಂದು ಸಾಲಿನೊಂದಿಗೆ ವಿಷಯ ಮುಗಿಯಿತು.

ಆ ಸಾಲು ಪ್ರಕಟವಾದ ಹೊತ್ತಿಗೆ ನಮ್ಮ ಪಟ್ಟಿಯಲ್ಲಿದ್ದ ಹಳ್ಳಿಗಳ ಪೈಕಿ ಒಂದೇ ಒಂದರಿಂದ ನಮಗೆ ಉತ್ತರ ಸಿಕ್ಕಿತ್ತು. ಅಲ್ಲಿನ ಶಾಲೆಯ ಶಿಕ್ಷಕಿಯೊಬ್ಬರು, ಮೊದಲು ನೆಲದಡಿಯಿಂದ ಸಣ್ಣದೊಂದು ಧಕ್ಕೆ ಬಂತೆಂದೂ, ಮಕ್ಕಳನ್ನು ಬೆಂಚಿನ ಕೆಳಗೆ ಕೂರಿಸುವಷ್ಟರಲ್ಲಿ, ಎಂದರೆ ಎಂಟೊಂಬತ್ತು ಎಣಿಸುವ ಹೊತ್ತಿಗೆ, ಕೋಣೆಯೆಲ್ಲ ಅಡ್ಡಡ್ಡವಾಗಿ ತೂಗಾಡಿತೆಂದೂ, ಕಪಾಟಿನ ಮೇಲಿದ್ದ ಭೂಗೋಳ ಉರುಳಿ ಬಿತ್ತೆಂದೂ ತಿಳಿಸಿದರು. ಉಳಿದ ಹಳ್ಳಿಗಳು ಆ ಹೊತ್ತಿನಲ್ಲಿ ಮೌನವಾಗಿದ್ದವು.

ನನ್ನ ಸಂದೇಹಗಳು ಇವು. ಅಷ್ಟು ಬೇಗ ಸುನಾಮಿ ಇಲ್ಲವೆಂದು ಹೇಗೆ ತೀರ್ಮಾನಿಸುತ್ತಾರೆ? ಅಂಕಿಗಳು ಬದಲಾಗುತ್ತಿರುವಾಗ ಯಾವುದನ್ನು ನಂಬಿ ನಾವು ಹಳ್ಳಿಗರಿಗೆ ಹೇಳಬೇಕು? ಯಾರೂ ವರದಿ ಮಾಡಲಾಗದ ಸ್ಥಳದ ಬಗ್ಗೆ ‘ವರದಿಯಾಗಿಲ್ಲ’ ಎಂದು ಬರೆದರೆ ಅದಕ್ಕೆ ಏನು ಬೆಲೆ ಕೊಡಬೇಕು? ತಿಳಿದವರು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಶಿಲಾಪದರ

ತೀರರೇಖೆ ಅವರೇ, ಶಿಕ್ಷಕಿಯವರು ಕೊಟ್ಟ ವಿವರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ನಿಜಕ್ಕೂ ಒಂದು ಅಳತೆ. ಭೂಕಂಪದಿಂದ ಹೊರಡುವ ಅಲೆಗಳಲ್ಲಿ ವೇಗವಾಗಿ ಸಾಗುವ ಪ್ರಾಥಮಿಕ ಅಲೆ ಮೊದಲು ತಲುಪಿ ಸಣ್ಣ ಧಕ್ಕೆ ಕೊಡುತ್ತದೆ. ಅದಕ್ಕಿಂತ ನಿಧಾನವಾದ, ಆದರೆ ನೆಲವನ್ನು ಅಡ್ಡಡ್ಡವಾಗಿ ಅಲುಗಿಸುವ ದ್ವಿತೀಯಕ ಅಲೆ ಹಿಂದಿನಿಂದ ಬರುತ್ತದೆ. ಇವೆರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಭೂಕಂಪದ ಮೂಲ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸ್ಥೂಲವಾಗಿ ಸಿಗುತ್ತದೆ. ಎಂಟೊಂಬತ್ತು ಸೆಕೆಂಡು ಎಂದರೆ 65ರಿಂದ 70 ಕಿಲೋಮೀಟರ್. ಯಾವ ಉಪಕರಣವೂ ಇಲ್ಲದೆ ಅವರು ಹೇಳಿದ್ದು ಪ್ರಕಟಣೆಯಲ್ಲಿರುವ ದೂರಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನು ಬದಲಾದ ಅಂಕಿಗಳು. ಸಮುದ್ರದಡಿಯ ಭೂಕಂಪವನ್ನು ಅಳೆಯುವಾಗ ಸಾಮಾನ್ಯವಾಗಿ ಭೂಕಂಪಮಾಪಕಗಳೆಲ್ಲ ನೆಲದ ಮೇಲೆ, ಎಂದರೆ ಒಂದೇ ಪಕ್ಕದಲ್ಲಿ ಇರುತ್ತವೆ. ಸುತ್ತಲೂ ಮಾಪಕಗಳಿದ್ದರೆ ಮೂಲವನ್ನು ಬಿಗಿಯಾಗಿ ಗುರುತಿಸಬಹುದು. ಒಂದೇ ಪಕ್ಕದಿಂದ ನೋಡಿದಾಗ ಅದು ಸ್ವಲ್ಪ ಹತ್ತಿರದ ಆಳವಾದ ಮೂಲವೋ, ಸ್ವಲ್ಪ ದೂರದ ಮೇಲ್ಮಟ್ಟದ ಮೂಲವೋ ಎಂದು ಬೇರ್ಪಡಿಸುವುದು ಕಷ್ಟ. ಹೀಗಾಗಿ ಆಳವನ್ನು ಲೆಕ್ಕದಿಂದ ನಿರ್ಧರಿಸಲಾಗದಿದ್ದರೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯಂಥ ಕೇಂದ್ರಗಳು ತಾತ್ಕಾಲಿಕವಾಗಿ 10 ಕಿಲೋಮೀಟರ್ ಎಂದು ಇಟ್ಟುಕೊಂಡು ಉಳಿದ ಲೆಕ್ಕವನ್ನು ಮುಗಿಸುತ್ತವೆ. ಆದ್ದರಿಂದ ಮೊದಲ ಪ್ರಕಟಣೆಯಲ್ಲಿ ಆಳ ಸರಿಯಾಗಿ 10 ಎಂದಿದ್ದರೆ ಅದನ್ನು ಅಳೆದ ಸಂಖ್ಯೆ ಎಂದು ಓದಬೇಡಿ. ದೂರದ ಮಾಪಕಗಳ ದಾಖಲೆಗಳು ಬಂದು, ಭೂಮಿಯ ಮೇಲ್ಮೈಗೆ ತಾಗಿ ಪ್ರತಿಫಲಿಸಿದ ಅಲೆಗಳನ್ನೂ ಗುರುತಿಸಿದ ಮೇಲೆ ನಿಜವಾದ ಆಳ ಸಿಗುತ್ತದೆ.

ಪ್ರಮಾಣದ ವಿಷಯವೂ ಹಾಗೆಯೇ. ಮೊದಲ ನಿಮಿಷಗಳ ಅಂದಾಜು ಕೆಲವೇ ಮಾಪಕಗಳ ಆರಂಭಿಕ ಅಲೆಗಳನ್ನು ಆಧರಿಸಿರುತ್ತದೆ. ಪತ್ರಿಕೆಗಳು ಈಗಲೂ ರಿಕ್ಟರ್ ಮಾಪಕ ಎಂದೇ ಬರೆದರೂ, ಬಳಿಕ ಪ್ರಕಟವಾಗುವ ಪರಿಷ್ಕೃತ ಸಂಖ್ಯೆ ಹೆಚ್ಚಾಗಿ ‘ಮೊಮೆಂಟ್’ ಪ್ರಮಾಣ, ಎಂದರೆ ಸ್ತರಭಂಗದಲ್ಲಿ (ನೆಲದೊಳಗೆ ಬಂಡೆಪದರಗಳು ಒಂದರ ಮೇಲೊಂದು ಜರುಗುವ ಬಿರುಕಿನಲ್ಲಿ) ಎಷ್ಟು ವಿಸ್ತಾರ ಎಷ್ಟು ದೂರ ಜರುಗಿತು ಎಂಬುದರ ಲೆಕ್ಕ. 5.9ಕ್ಕೂ 5.6ಕ್ಕೂ ಇರುವ ಅಂತರ ನೋಡಲು ಚಿಕ್ಕದು; ಆದರೆ ಪ್ರಮಾಣದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುವುದರಿಂದ, 0.3ರ ಅಂತರವೂ ಶಕ್ತಿಯಲ್ಲಿ ಸುಮಾರು 2.8 ಪಟ್ಟಿನ ಅಂತರ.

ಸುನಾಮಿ ಇಲ್ಲವೆಂದು ಬೇಗ ಹೇಳಲು ಸಾಧ್ಯವಾಗುವುದೂ ಇದೇ ಲೆಕ್ಕದಿಂದ. ಸುನಾಮಿ ಹುಟ್ಟಬೇಕಾದರೆ ಸಮುದ್ರತಳದ ದೊಡ್ಡ ಭಾಗವೊಂದು ಒಮ್ಮೆಲೇ ಏರಬೇಕು ಅಥವಾ ಇಳಿಯಬೇಕು. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಆದ 9.1 ಪ್ರಮಾಣದ ಭೂಕಂಪದಲ್ಲಿ ಸುಮಾರು 1,300 ಕಿಲೋಮೀಟರ್ ಉದ್ದದ ಸ್ತರಭಂಗ ಸೀಳಿತ್ತು. 5.6ರಲ್ಲಿ ಸೀಳುವ ಉದ್ದ ಕೆಲವೇ ಕಿಲೋಮೀಟರ್. ಅದು 24 ಕಿಲೋಮೀಟರ್ ಆಳದಲ್ಲಿದ್ದರೆ ಮೇಲಿನ ಸಮುದ್ರತಳ ಅಲುಗುವುದು ಹೆಚ್ಚೆಂದರೆ ಸೆಂಟಿಮೀಟರುಗಳಲ್ಲಿ ಹೇಳುವಷ್ಟು. ಶಕ್ತಿಯಲ್ಲಿ ಇವೆರಡರ ನಡುವೆ ಒಂದೂಮುಕ್ಕಾಲು ಲಕ್ಷ ಪಟ್ಟಿಗೂ ಮಿಗಿಲಾದ ಅಂತರವಿದೆ. ಹವಾಯಿಯಲ್ಲಿ 1949ರಿಂದ ಇರುವ ಪೆಸಿಫಿಕ್ ಸುನಾಮಿ ಎಚ್ಚರಿಕಾ ಕೇಂದ್ರವಾಗಲಿ, ಹಿಂದೂ ಮಹಾಸಾಗರಕ್ಕಾಗಿ 2007ರಿಂದ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿರುವ ಕೇಂದ್ರವಾಗಲಿ, ಸ್ಥಳ, ಆಳ, ಪ್ರಮಾಣ ಈ ಮೂರನ್ನೂ ಮೊದಲೇ ಸಿದ್ಧಪಡಿಸಿಟ್ಟ ಲೆಕ್ಕಗಳೊಡನೆ ಹೋಲಿಸಿ ತೀರ್ಮಾನಿಸುತ್ತವೆ. 5.9 ಆಗಿದ್ದರೂ 5.6 ಆಗಿದ್ದರೂ ಆ ಉತ್ತರ ಬದಲಾಗುತ್ತಿರಲಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಭೂಕಂಪಗಳು 5ರಿಂದ 5.9ರ ನಡುವೆ ಆಗುತ್ತವೆ, ಅವುಗಳಲ್ಲಿ ಬಹುಪಾಲು ಸಮುದ್ರದಡಿಯಲ್ಲೇ ಆಗುತ್ತವೆ, ಸುನಾಮಿ ಮಾತ್ರ ತೀರ ಅಪರೂಪ.

ಆದ್ದರಿಂದ ಪ್ರಕಟಣೆಯ ಮೊದಲ ಭಾಗವನ್ನು ನಂಬಬಹುದು. ಕೊನೆಯ ಸಾಲು ಬೇರೆಯೇ ಜಾತಿಯದು, ಅದರ ಬಗ್ಗೆ ಬೇರೆಯವರು ಬರೆಯಲಿ ಎಂದು ಬಿಡುತ್ತೇನೆ.

ಉತ್ತರ: ಕಡಲಾಳ

ಶಿಲಾಪದರ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ‘ತೀರ ಅಪರೂಪ’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಆ ಅಪರೂಪದ ಘಟನೆಗಳು ನಡೆದಿರುವುದು ಹೆಚ್ಚಾಗಿ ತೀರರೇಖೆ ಅವರು ಹೇಳುವಂಥ ದೂರದ ನೆಲೆಗಳ ಪಕ್ಕದಲ್ಲೇ.

ಜಪಾನಿನ ಇಜು ದ್ವೀಪಸಾಲಿನಲ್ಲಿ, ತೋರಿಶಿಮಾ ಎಂಬ ಜನವಸತಿಯಿಲ್ಲದ ದ್ವೀಪದ ಬಳಿ ಸಮುದ್ರದಡಿಯ ಜ್ವಾಲಾಮುಖಿ ಕುಹರವೊಂದಿದೆ. ಅಲ್ಲಿ 1984ರಲ್ಲೂ 2015ರಲ್ಲೂ ಐದೂವರೆಯ ಆಸುಪಾಸಿನ ಪ್ರಮಾಣದ ಭೂಕಂಪಗಳು, ಲೆಕ್ಕದ ಪ್ರಕಾರ ಹುಟ್ಟಿಸಬಾರದಿದ್ದ ಸುನಾಮಿಯನ್ನು ಹುಟ್ಟಿಸಿದವು. ಕುಹರದ ತಳ ಬಾಗಿಲಿನಂತೆ ಒಂದು ಬದಿಯಲ್ಲಿ ಎದ್ದು ನೀರನ್ನು ಮೇಲೆತ್ತಿತು ಎಂಬುದು ವಿಜ್ಞಾನಿಗಳ ವಿವರಣೆ. 2015ರಲ್ಲಿ ಹಾಚಿಜೋ ದ್ವೀಪದಲ್ಲಿ ಅರ್ಧ ಮೀಟರಿಗೂ ಹೆಚ್ಚು ಎತ್ತರದ ಅಲೆ ದಾಖಲಾಯಿತು, ಆದರೆ ಆ ದ್ವೀಪದ ಜನಕ್ಕೆ ನಡುಕ ಹೇಳಿಕೊಳ್ಳುವಷ್ಟು ತಿಳಿದಿರಲಿಲ್ಲ. 2023ರ ಅಕ್ಟೋಬರ್ 9ರಂದು ಇದೇ ತೋರಿಶಿಮಾ ಪ್ರದೇಶದಲ್ಲಿ ಸಣ್ಣ ಕಂಪನಗಳ ಸಾಲಿನ ನಡುವೆ ಮತ್ತೆ ಸುನಾಮಿ ಎದ್ದು, ಹಾಚಿಜೋದಲ್ಲಿ 60 ಸೆಂಟಿಮೀಟರ್ ಅಳೆಯಲಾಯಿತು.

ಇನ್ನೊಂದು ದಾರಿ ಭೂಕುಸಿತ. ಚಿಲಿಯ ದಕ್ಷಿಣದ ಐಸೆನ್ ಕಡಲತೋಡಿನಲ್ಲಿ 2007ರ ಜನವರಿಯಿಂದ ಕಂಪನಗಳು ಗುಂಪುಗುಂಪಾಗಿ ಬರುತ್ತಿದ್ದವು. ಏಪ್ರಿಲ್ 21ರಂದು 6.2 ಪ್ರಮಾಣದ್ದೊಂದು ಬಂದಾಗ ಕಡಿದಾದ ದಂಡೆಗಳಿಂದ ಬಂಡೆ, ಮಣ್ಣು, ಮರಗಳ ರಾಶಿ ನೀರಿಗೆ ಜಾರಿತು. ಅದರಿಂದೆದ್ದ ಅಲೆಗಳು ಎದುರು ದಂಡೆಯನ್ನು ಹೊಡೆದವು, ಹತ್ತು ಮಂದಿ ಸತ್ತರು ಅಥವಾ ಕಣ್ಮರೆಯಾದರು, ಮೀನು ಸಾಕಣೆಯ ಕೇಂದ್ರಗಳು ಹಾಳಾದವು. 6.2ಕ್ಕೂ 5.6ಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಹಳ್ಳಿಗಳು ಕಡಿದಾದ ಬೆಟ್ಟದ ಬುಡದಲ್ಲೋ, ನದಿ ತಂದು ಸುರಿದ ಸಡಿಲ ಮಣ್ಣಿನ ದಿಬ್ಬದ ಅಂಚಿನಲ್ಲೋ ಇದ್ದರೆ, ಅಪಾಯವನ್ನು ಭೂಕಂಪದ ಪ್ರಮಾಣವೊಂದೇ ಹೇಳುವುದಿಲ್ಲ, ಇಳಿಜಾರಿನ ಸ್ಥಿತಿಯನ್ನೂ ನೋಡಬೇಕು. ಅದನ್ನು ಯಾವ ಕೇಂದ್ರವೂ ಹತ್ತು ನಿಮಿಷದಲ್ಲಿ ಲೆಕ್ಕ ಹಾಕಲಾರದು.

ಇದರಿಂದಾಗಿಯೇ ಹತ್ತಿರದ ತೀರದವರಿಗೆ ಹೇಳಬೇಕಾದ ನಿಯಮ ಕೇಂದ್ರದ ಪ್ರಕಟಣೆಯನ್ನು ಅವಲಂಬಿಸಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾಪುವಾ ನ್ಯೂಗಿನಿಯ ಐತಾಪೆ ತೀರದಲ್ಲಿ 1998ರ ಜುಲೈ 17ರ ಸಂಜೆ 7.0 ಪ್ರಮಾಣದ ಭೂಕಂಪವಾದ ಬಳಿಕ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲೇ ಅಲೆ ಬಂತು. ಸಮುದ್ರತಳದ ಇಳಿಜಾರು ಕುಸಿದದ್ದು ಅದಕ್ಕೆ ಮುಖ್ಯ ಕಾರಣವೆಂದು ಬಳಿಕದ ಸಮೀಕ್ಷೆಗಳು ತೋರಿಸಿದವು. ಸಿಸ್ಸಾನೋ ಹಿನ್ನೀರಿನ ಮರಳುದಂಡೆಯ ಮೇಲಿದ್ದ ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟರೊಳಗೆ ಯಾವ ಎಚ್ಚರಿಕೆಯೂ ಅಲ್ಲಿಗೆ ತಲುಪುವಂತಿರಲಿಲ್ಲ. ಇದಕ್ಕೆ ಎದುರಾಗಿ, ಸುಮಾತ್ರಾದ ಪಕ್ಕದ ಸಿಮೆಲುಯೆ ದ್ವೀಪದವರು 1907ರ ಸುನಾಮಿಯ ನೆನಪನ್ನು ಹಾಡು, ಕಥೆಗಳಲ್ಲಿ ಮೊಮ್ಮಕ್ಕಳವರೆಗೆ ಉಳಿಸಿಕೊಂಡಿದ್ದರು. 2004ರಲ್ಲಿ ನೆಲ ನಡುಗಿದೊಡನೆ ಯಾರ ಅಪ್ಪಣೆಗೂ ಕಾಯದೆ ಗುಡ್ಡ ಹತ್ತಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.

ತೀರರೇಖೆ

ಇಬ್ಬರಿಗೂ ಧನ್ಯವಾದಗಳು. ಒಂದು ವಿಷಯ ಇನ್ನೂ ತೊಡಕಾಗಿದೆ. ಪ್ರತಿ ಸಣ್ಣ ನಡುಕಕ್ಕೂ ಗುಡ್ಡ ಹತ್ತಿರೆಂದರೆ ಜನ ಎರಡು ಸಲ ಹತ್ತುತ್ತಾರೆ, ಮೂರನೆಯ ಸಲ ಮನೆಯಲ್ಲೇ ಉಳಿಯುತ್ತಾರೆ. ಅವರಲ್ಲಿ ಮುದುಕರಿದ್ದಾರೆ, ಹಸುಗೂಸುಗಳಿವೆ. ಯಾವ ನಡುಕಕ್ಕೆ ಹೊರಡಬೇಕು, ಯಾವುದಕ್ಕೆ ಬೇಡ ಎಂದು ಅಲ್ಲಿಯೇ ನಿಂತು ಅಳೆಯುವ ದಾರಿಯಿದೆಯೇ? ದೋಣಿಯಲ್ಲಿರುವವರಿಗೆ ಏನು ಹೇಳಬೇಕು?

ಉತ್ತರ: ಶಿಲಾಪದರ

ಇದೆ, ಮತ್ತು ಅದು ಸರಳವಾಗಿದೆ: ನಡುಕದ ಜೋರಿಗಿಂತ ಅದರ ಅವಧಿಯನ್ನು ಗಮನಿಸಬೇಕು. ಸ್ತರಭಂಗ ಸೀಳುವ ವೇಗ ಸೆಕೆಂಡಿಗೆ ಎರಡೂವರೆ, ಮೂರು ಕಿಲೋಮೀಟರ್. 5.6ರ ಸೀಳು ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಲೆಗಳು ದಾರಿಯಲ್ಲಿ ಚದುರಿ ಬರುವುದರಿಂದ ತೀರದಲ್ಲಿ ಬಲವಾದ ತೂಗಾಟ ಹತ್ತು ಹದಿನೈದು ಸೆಕೆಂಡಿನವರೆಗೆ ಅನಿಸಬಹುದು. 2004ರ ಭೂಕಂಪದಲ್ಲಿ ಸೀಳು ಎಂಟರಿಂದ ಹತ್ತು ನಿಮಿಷ ಮುಂದುವರಿದಿತ್ತು. ಆದ್ದರಿಂದ ನಡುಕ ಶುರುವಾದೊಡನೆ ರಕ್ಷಣೆ ಪಡೆದು ಎಣಿಸಲು ತೊಡಗಬೇಕು. ನಿಲ್ಲಲಾಗದಷ್ಟು ಬಲವಾದ ನಡುಕ ಇಪ್ಪತ್ತು ಸೆಕೆಂಡು ದಾಟಿದರೆ, ಅಥವಾ ಮೆಲುವಾಗಿದ್ದರೂ ಒಂದು ನಿಮಿಷದಷ್ಟು ಎಳೆದರೆ, ಅದು ನಿಂತ ಕೂಡಲೇ ಎತ್ತರಕ್ಕೆ ಹೊರಡಬೇಕು.

‘ಮೆಲುವಾಗಿದ್ದರೂ’ ಎಂದು ಬೇಕೆಂದೇ ಸೇರಿಸಿದ್ದೇನೆ. ಜಪಾನಿನ ಸಾನ್ರಿಕು ತೀರದಲ್ಲಿ 1896ರ ಜೂನ್ 15ರ ಸಂಜೆ ಹಬ್ಬದ ಸಂಭ್ರಮದಲ್ಲಿದ್ದ ಜನಕ್ಕೆ ಬಂದ ನಡುಕ ನಿಧಾನವಾದದ್ದು, ಯಾರನ್ನೂ ಬೆದರಿಸದಂಥದ್ದು. ಅರ್ಧ ಗಂಟೆಯ ಮೇಲೆ ಸಮುದ್ರ ಏರಿ ಬಂದು ಸುಮಾರು 22,000 ಜನರನ್ನು ಕೊಂದಿತು. ಸ್ತರಭಂಗ ನಿಧಾನವಾಗಿ ಜರುಗಿದರೆ ನೆಲ ಕಡಿಮೆ ನಡುಗುತ್ತದೆ, ನೀರು ಮಾತ್ರ ಅಷ್ಟೇ ಏಳುತ್ತದೆ. ನಡುಕವೇ ಇಲ್ಲದಿದ್ದರೂ ಸಮುದ್ರ ಅಕಾಲದಲ್ಲಿ ಹಿಂದೆ ಸರಿದರೆ, ಒಮ್ಮೆಲೇ ಏರಿದರೆ, ಅಥವಾ ಕಡಲಿನ ಕಡೆಯಿಂದ ಹಿಂದೆಂದೂ ಕೇಳದ ಮೊರೆತ ಬಂದರೆ ಕಾಯಬಾರದು. ಕಡಲಾಳ ಅವರು ಹೇಳಿದ ತೋರಿಶಿಮಾದಂಥ ಸಂದರ್ಭದಲ್ಲಿ ತೀರದವರಿಗೆ ಸಿಗುವುದು ಈ ಕೊನೆಯ ಸೂಚನೆಗಳು ಮಾತ್ರ.

ದೋಣಿಯಲ್ಲಿದ್ದವರಿಗೆ ಭೂಕಂಪ ಬೇರೆಯದೇ ರೀತಿಯಲ್ಲಿ ತಿಳಿಯುತ್ತದೆ. ಸಮುದ್ರತಳದಿಂದ ಮೇಲೇರುವ ಅಲೆ ನೀರಿನಲ್ಲಿ ಶಬ್ದವಾಗಿ ಸಾಗಿ ದೋಣಿಯ ತಳಕ್ಕೆ ಬಡಿಯುತ್ತದೆ. ಆಳದ ನೀರಿನಲ್ಲಿದ್ದರೂ ಬಂಡೆಗೆ ತಗುಲಿದೆವೆಂದು ಗಾಬರಿಯಾದವರಿದ್ದಾರೆ. ಅದರಿಂದ ದೋಣಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದೊಡ್ಡ ಭೂಕಂಪದ ಗುಮಾನಿಯಿದ್ದರೆ ಆಳದ ನೀರಿನಲ್ಲಿರುವವರು ದಡಕ್ಕೆ ಮರಳಬಾರದು, ಏಕೆಂದರೆ ಸುನಾಮಿ ಅಲ್ಲಿ ಗಮನಕ್ಕೂ ಬಾರದೆ ಹಾದುಹೋಗುತ್ತದೆ, ಎತ್ತರವಾಗುವುದು ಆಳ ಕಡಿಮೆಯಾದಂತೆ. ದಡದಲ್ಲಿದ್ದವರು ದೋಣಿ ಉಳಿಸಲೆಂದು ಕಡಲಿಗೆ ಓಡಬಾರದು. ಹತ್ತಿರದ ಮೂಲದಿಂದ ಬರುವ ಅಲೆ ಅಷ್ಟು ಸಮಯ ಕೊಡುವುದಿಲ್ಲ.

ಉತ್ತರ: ದೀಪಸ್ತಂಭ

‘ವರದಿಯಾಗಿಲ್ಲ’ ಎಂಬ ಸಾಲಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮೂಲ ಪ್ರಶ್ನೆಯ ತಿರುಳು ಅದೇ ಎಂದು ನನಗನಿಸುತ್ತದೆ.

1929ರ ನವೆಂಬರ್ 18ರ ಸಂಜೆ, ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನುಗಾರಿಕೆಯ ಕಡಲಭಾಗದ ಅಂಚಿನಲ್ಲಿ 7.2 ಪ್ರಮಾಣದ ಭೂಕಂಪವಾಯಿತು. ಬುರಿನ್ ಪರ್ಯಾಯ ದ್ವೀಪದ ಮೀನುಗಾರ ಹಳ್ಳಿಗಳಲ್ಲಿ ಪಾತ್ರೆಗಳು ಗಲಗಲಿಸಿದವು, ಜನ ಹೊರಗೆ ಬಂದು ಮಾತಾಡಿಕೊಂಡು ಮತ್ತೆ ಒಳಗೆ ಹೋದರು. ಅತ್ತ ಸಮುದ್ರತಳದ ಇಳಿಜಾರು ಜಾರಿತ್ತು. ಅಟ್ಲಾಂಟಿಕ್ ದಾಟುವ ಹನ್ನೆರಡು ತಂತಿ ಕೇಬಲ್‌ಗಳನ್ನು ಅದು ಕತ್ತರಿಸಿಹಾಕಿತ್ತು. ಸುಮಾರು ಎರಡೂವರೆ ಗಂಟೆಯ ಬಳಿಕ ಮೂರು ಅಲೆಗಳು ಬಂದವು. ಮನೆಗಳು ಅಡಿಪಾಯದಿಂದ ಎದ್ದು ತೇಲಿದವು, ಚಳಿಗಾಲಕ್ಕೆಂದು ಕೂಡಿಟ್ಟ ಆಹಾರ, ಕಲ್ಲಿದ್ದಲು, ಬಲೆ, ದೋಣಿ ಎಲ್ಲವೂ ಕೊಚ್ಚಿಹೋದವು, 28 ಮಂದಿ ಸತ್ತರು. ಹೊರಜಗತ್ತಿಗೆ ಸುದ್ದಿ ಮುಟ್ಟಲಿಲ್ಲ, ಏಕೆಂದರೆ ಆ ಭಾಗದ ತಂತಿ ಮಾರ್ಗ ಹಿಂದಿನ ಬಿರುಗಾಳಿಗೆ ಆಗಲೇ ಕಡಿದುಹೋಗಿತ್ತು. ನಿಸ್ತಂತು ಸಲಕರಣೆಯಿದ್ದ ಹಡಗೊಂದು ತನ್ನ ಎಂದಿನ ಸರದಿಯಂತೆ ನವೆಂಬರ್ 21ರಂದು ಅಲ್ಲಿಗೆ ಬಂದಾಗಲಷ್ಟೇ ಸಹಾಯ ಕೇಳಲು ಸಾಧ್ಯವಾಯಿತು. ಆ ನಡುವಿನ ದಿನಗಳಲ್ಲಿ ಯಾರಾದರೂ ಸುದ್ದಿ ಬರೆದಿದ್ದರೆ, ‘ಹಾನಿಯ ವರದಿಯಿಲ್ಲ’ ಎಂದೇ ಪ್ರಾಮಾಣಿಕವಾಗಿ ಬರೆಯುತ್ತಿದ್ದರು.

ಈಗಿನ ಕಾಲದಲ್ಲಿ ಉಪಗ್ರಹ ಫೋನುಗಳಿವೆ, ನಿಜ. ಆದರೆ ಬ್ಯಾಟರಿ ಮುಗಿದಿರುತ್ತದೆ, ಫೋನ್ ಇಟ್ಟುಕೊಂಡವರು ಕಡಲಿಗೆ ಹೋಗಿರುತ್ತಾರೆ, ರೇಡಿಯೊ ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ, ಗುಡ್ಡದ ಮೇಲಿನ ಪುನರಾವರ್ತಕದ ಕಂಬವೇ ನಡುಕಕ್ಕೆ ವಾಲಿರುತ್ತದೆ. ಹೆಚ್ಚು ಅಲುಗಿದ ಊರೇ ಹೆಚ್ಚು ಮೌನವಾಗಿರುವ ಸಂಭವವಿದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಉತ್ತರ ಬಾರದ ಹಳ್ಳಿಯ ಮುಂದೆ ‘ಹಾನಿಯಿಲ್ಲ’ ಎಂದು ಬರೆಯಬೇಡಿ, ‘ಸಂಪರ್ಕವಾಗಿಲ್ಲ’ ಎಂದು ಸಮಯದೊಂದಿಗೆ ಬರೆಯಿರಿ, ಜಿಲ್ಲಾಡಳಿತಕ್ಕೋ ಕರಾವಳಿ ರಕ್ಷಣಾ ಪಡೆಗೋ ತಿಳಿಸುವಾಗಲೂ ಅದೇ ಮಾತನ್ನು ಬಳಸಿರಿ. 5.6 ಪ್ರಮಾಣದ ಭೂಕಂಪ 70 ಕಿಲೋಮೀಟರ್ ದೂರದಲ್ಲಿ ಊರನ್ನು ನೆಲಸಮ ಮಾಡುವುದಿಲ್ಲ ಎಂಬುದು ನಿಶ್ಚಿತವೇ. ಅದೇ ಪ್ರಮಾಣದ ಆಸುಪಾಸಿನದು ಊರಿನ ಅಡಿಯಲ್ಲೇ, ಮೇಲ್ಮಟ್ಟದಲ್ಲಿ ಆದರೆ ಏನಾಗುತ್ತದೆ ಎಂಬುದನ್ನು ಮೊರೊಕ್ಕೊದ ಅಗಾದಿರ್ ನಗರ 1960ರ ಫೆಬ್ರವರಿ 29ರಂದು ಅನುಭವಿಸಿತು. ಅಲ್ಲಿ ಹನ್ನೆರಡು ಸಾವಿರದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜಿದೆ. ನಿಮ್ಮ ಸಂದರ್ಭದಲ್ಲಿ ಹುಡುಕಬೇಕಾದ್ದು ಕುಸಿದ ಮನೆಗಳನ್ನಲ್ಲ, ಸಣ್ಣದಾಗಿ ಕಂಡರೂ ದೂರದ ಊರಿಗೆ ದೊಡ್ಡದಾಗುವ ಹಾನಿಗಳನ್ನು.

ರೇಡಿಯೊದಲ್ಲಿ ‘ಎಲ್ಲ ಕ್ಷೇಮವೇ?’ ಎಂದು ಕೇಳಿದರೆ ‘ಕ್ಷೇಮ’ ಎಂಬ ಉತ್ತರವೇ ಬರುತ್ತದೆ. ಸಂಕೋಚದವರು, ತಮ್ಮ ಕಷ್ಟ ತಾವೇ ನೋಡಿಕೊಂಡು ರೂಢಿಯಾದವರು ಹಾಗೆಯೇ ಹೇಳುತ್ತಾರೆ. ಬಿಡಿಬಿಡಿಯಾಗಿ ಕೇಳಿರಿ. ಕುಡಿಯುವ ನೀರಿನ ಒರತೆಯೋ ಕೊಳವೆಯೋ ಕದಡಿದೆಯೇ, ಹರಿವು ಕಡಿಮೆಯಾಗಿದೆಯೇ. ದೋಣಿ ನಿಲ್ಲುವ ಧಕ್ಕೆಯ ಕಂಬಗಳ ಬುಡದಲ್ಲಿ ಮಣ್ಣು ಕುಸಿದಿದೆಯೇ, ಏಕೆಂದರೆ ಸರಕು ಇಳಿಯುವ ದಾರಿ ಅದೊಂದೇ. ಡೀಸೆಲ್ ತೊಟ್ಟಿಯ ಪೈಪು ಕೂಡುವ ಜಾಗದಲ್ಲಿ ಸೋರಿಕೆಯಿದೆಯೇ. ಊರ ಹಿಂದಿನ ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಉರುಳಿದ ಕಲ್ಲು ಕಾಣುತ್ತಿದೆಯೇ. ಕಡಲಿಗೆ ಹೋದವರೆಲ್ಲ ಮರಳಿದ್ದಾರೆಯೇ. ಇಳಿಜಾರಿನ ಪ್ರಶ್ನೆಯನ್ನು ಮಾರನೆಯ ದಿನವೂ, ಮಳೆ ಬಂದ ಮೇಲೂ ಮತ್ತೆ ಕೇಳಬೇಕು. ನಡುಕ ಸಡಿಲಿಸಿದ ಮಣ್ಣು ಕೆಳಗಿಳಿಯುವುದು ಎಷ್ಟೋ ಸಲ ನೀರು ಕುಡಿದ ಮೇಲೆ.

ಶಿಕ್ಷಕಿಯವರು ಹೇಳಿದಂಥ ವಿವರಗಳನ್ನು ಹಾಗೆಯೇ ಬರೆದು ಭೂಕಂಪ ಅಧ್ಯಯನ ಕೇಂದ್ರಕ್ಕೂ ಕಳುಹಿಸಿರಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 1999ರಿಂದ ಸಾರ್ವಜನಿಕರ ಅನುಭವಗಳನ್ನು ಅಂತರ್ಜಾಲದ ಮೂಲಕ ಸಂಗ್ರಹಿಸಿ ನಡುಕದ ತೀವ್ರತೆಯ ನಕ್ಷೆ ಮಾಡುತ್ತಿದೆ. ಜನ ಹೆಚ್ಚಿರುವ, ಸಂಪರ್ಕವಿರುವ ಊರುಗಳಿಂದ ನೂರಾರು ಉತ್ತರಗಳು ಬರುತ್ತವೆ, ಖಾಲಿ ತೀರದಿಂದ ಒಂದೂ ಬರುವುದಿಲ್ಲ. ಮಾಪಕವಿಲ್ಲದ ಅಂಥ ತೀರದಿಂದ ಬಂದ ಒಂದೇ ಉತ್ತರವೂ ಆ ನಕ್ಷೆಗೆ ತುಂಬ ಬೆಲೆಯುಳ್ಳದ್ದು.

ತೀರರೇಖೆ

ದೀಪಸ್ತಂಭ ಅವರ ಪ್ರಶ್ನೆಗಳನ್ನು ನಮ್ಮ ರೇಡಿಯೊ ಪಾಳಿಯವರ ಪುಸ್ತಕಕ್ಕೆ ಬರೆದುಕೊಂಡೆ. ಹಳ್ಳಿಗರು ಕೇಳುವ ಪ್ರಶ್ನೆಯೊಂದು ಉಳಿದಿದೆ: ಇದಕ್ಕಿಂತ ದೊಡ್ಡದು ಬರುತ್ತದೆಯೇ?

ಉತ್ತರ: ಶಿಲಾಪದರ

ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು, ಬರುತ್ತದೆಂದು ಹೇಳುವವರನ್ನೂ ನಂಬಬಾರದು. ಅನೇಕ ಪ್ರದೇಶಗಳ ದಾಖಲೆಗಳಿಂದ ತಿಳಿಯುವುದೇನೆಂದರೆ, ಒಂದು ಭೂಕಂಪದ ಬೆನ್ನಿಗೆ ವಾರದೊಳಗೆ ಅದಕ್ಕಿಂತ ದೊಡ್ಡದು ಬರುವ ಸಾಧ್ಯತೆ ಸ್ಥೂಲವಾಗಿ ನೂರಕ್ಕೆ ಐದು, ಅದರಲ್ಲೂ ಹೆಚ್ಚಿನ ಪಾಲು ಮೊದಲ ಎರಡು ಮೂರು ದಿನಗಳದ್ದು. 2011ರ ಮಾರ್ಚ್ 9ರಂದು ಜಪಾನಿನಲ್ಲಿ ಆದ 7.3ರ ಬೆನ್ನಿಗೆ ಎರಡೇ ದಿನದಲ್ಲಿ 9.0 ಬಂದದ್ದು ಇಂಥದ್ದೇ ಅಪರೂಪದ ಪ್ರಸಂಗ. ಉಳಿದ ತೊಂಬತ್ತೈದು ಸಲ ಆಗುವುದು ಮರುಕಂಪನಗಳು ಮಾತ್ರ. ಅವುಗಳಲ್ಲಿ ಅತಿ ದೊಡ್ಡದು ಸರಾಸರಿಯಾಗಿ ಮುಖ್ಯ ಕಂಪನಕ್ಕಿಂತ 1.2ರಷ್ಟು ಕಡಿಮೆ ಇರುತ್ತದೆ, ಎಂದರೆ ನಿಮ್ಮಲ್ಲಿ 4.4ರ ಆಸುಪಾಸು. ಜಪಾನಿನ ಭೂಕಂಪ ವಿಜ್ಞಾನಿ ಫುಸಾಕಿಚಿ ಒಮೊರಿ 1894ರಲ್ಲಿ ಗುರುತಿಸಿದಂತೆ ಅವುಗಳ ಸಂಖ್ಯೆ ದಿನ ಕಳೆದಂತೆ ಇಳಿಯುತ್ತದೆ: ಹತ್ತನೆಯ ದಿನ ಆಗುವುದು ಮೊದಲ ದಿನದ ಹತ್ತನೆಯ ಒಂದು ಭಾಗದಷ್ಟು.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ಮೂರು ದಿನ ಬೆಳಿಗ್ಗೆ, ಸಂಜೆ ಎರಡು ಹೊತ್ತು ಗೊತ್ತಾದ ಸಮಯಕ್ಕೆ ರೇಡಿಯೊ ಕರೆ ಇಡುತ್ತಿದ್ದೆ, ಎರಡು ಕರೆಗೆ ಸತತವಾಗಿ ಉತ್ತರ ಬಾರದ ಹಳ್ಳಿಗೆ ದೋಣಿ ಕಳುಹಿಸಲು ಕೇಳುತ್ತಿದ್ದೆ. ಗುಡ್ಡದ ದಾರಿಯಲ್ಲಿ ಬಿದ್ದ ಮರಗಳಿದ್ದರೆ ಈ ಮೂರು ದಿನಗಳಲ್ಲೇ ತೆಗೆಸಿಬಿಡಿ, ರಾತ್ರಿ ಟಾರ್ಚ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.